ಅರಿವೆ ಒಗೆಯುವ ಕಲ್ಲಿನಡಿಯ ನ್ಯಾಯಮೂರ್ತಿ

ನಮ್ಮ ಹಿತ್ತಲಿನಲ್ಲಿರುವ ಅರಿವೆ ಒಗೆಯುವ ಕಲ್ಲಿನ ಕೆಳಮೈ ಮೇಲೆ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಹೆಸರಿದೆ. ಕೆತ್ತಿದವನು ನಾನು. ಮಗುಚಿ ಹಾಕಿಸಿದವಳು ನನ್ನ ಹೆಂಡತಿ ಶಾಂತವ್ವ. ನುಣುಪು ಮಾಡಿದ ಮೈಮೇಲೆ ಅರಿವೆ ಜಾರುತ್ತದೆ, ಅಕ್ಷರದ ಸಂದಿಯಲ್ಲಿ ಸಬಕಾರ ಕೂಡುತ್ತದೆ, ಹಿಂಬದಿಯ ಒರಟು ಮೈಯಾದರೆ ಕೊಳೆ ಬೇಗ ಬಿಡುತ್ತದೆ ಎಂಬುದು ಅವಳ ಶೋಧನೆ. ಇದರಲ್ಲಿ ನ್ಯಾಯಾಂಗದ ಬಗ್ಗೆ ಅಗೌರವವೇನೂ ಇಲ್ಲ. ಆ ಕಲ್ಲು ಕೆತ್ತಿದಾಗ ಅವರು ನ್ಯಾಯಮೂರ್ತಿಯಾಗಿರಲಿಲ್ಲ, ಬರೀ ಶಾಸಕರಾಗಿದ್ದರು. ಶಾಸಕರ ಹೆಸರನ್ನು ಬೋರಲು ಮಲಗಿಸಿದರೆ ಯಾವ ಕಲಮಿನಡಿ ತಪ್ಪಾಗುತ್ತದೆಂದು ನನಗೆ ಇದುವರೆಗೆ ಯಾವ ವಕೀಲರೂ ಹೇಳಿಲ್ಲ.

ಮೊನ್ನೆ ಮುಂಜಾನೆ ಶಾಂತವ್ವ ಆ ಕಲ್ಲಿನ ಮೇಲೆ ಚಾದರ ಬಡಿಯುತ್ತಿದ್ದಳು. ನಾನು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಏಟಿನ ಮೇಲೆ ಏಟು ಬೀಳುತ್ತಿದ್ದಂತೆ ಕೆಳಗಿದ್ದವನ ನೆನಪಾಗದೆ ಇರುತ್ತದೆಯೇ? ನೆನಪಾಯಿತು. ನಿಮಗೂ ಹೇಳಿಬಿಡುತ್ತೇನೆ. ನನಗೇನು, ಕೆತ್ತುವ ಕೆಲಸ ಈಗ ಯಂತ್ರಕ್ಕೆ ಹೋಗಿದೆ, ಹೊತ್ತು ಬೇಕಾದಷ್ಟಿದೆ.

ಇಳಕಲ್ಲಿನಲ್ಲಿ ನನ್ನದು ಕಲ್ಲಿನ ಮೇಲೆ ಅಕ್ಷರ ಕೆತ್ತುವ ಅಂಗಡಿ. ನಮ್ಮೂರಿನ ಸೀರೆಯ ಹೆಸರು ಎಲ್ಲರಿಗೂ ಗೊತ್ತು. ನಮ್ಮೂರಿನ ಕೆಂಪು ಕಲ್ಲಿನ ಹೆಸರು ಮನೆ ಕಟ್ಟಿಸುವವರಿಗೆ ಗೊತ್ತು. ನನ್ನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಆದರೂ ನಾನೊಬ್ಬ ಬರಹಗಾರನೇ ಎಂದು ನನ್ನ ನಂಬಿಕೆ. ಬಾದಾಮಿಯಿಂದ ಹುನಗುಂದದವರೆಗೆ ಎಷ್ಟು ಸಮುದಾಯ ಭವನ, ಎಷ್ಟು ನೀರಿನ ಟಾಕಿ, ಎಷ್ಟು ಸಾಲಿಯ ಕೋಣೆಗಳಿವೆಯೋ ಅಷ್ಟೂ ಕಡೆ ನನ್ನ ಕೃತಿಗಳು ಪ್ರಕಟವಾಗಿವೆ. ಓದುಗರ ಸಂಖ್ಯೆ ಕಡಿಮೆ. ಉದ್ಘಾಟನೆಯ ದಿನ ಹೆಸರಿದ್ದವರು ತಮ್ಮ ತಮ್ಮ ಹೆಸರು ಓದಿಕೊಳ್ಳುತ್ತಾರೆ. ಆಮೇಲೆ ಆಡುಗಳು ಬಂದು ಮೈ ತಿಕ್ಕುತ್ತವೆ.

ಈ ಸಾಹಿತ್ಯಕ್ಕೂ ವಿಮರ್ಶಕರಿದ್ದಾರೆ. ಅಡಿಗಲ್ಲಿನ ಮೇಲೆ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರಿಗೆ ‘ಸನ್ಮಾನ್ಯ’, ಯಾರಿಗೆ ಬರೀ ‘ಶ್ರೀ’, ಅಕ್ಷರ ಒಂದೂವರೆ ಇಂಚೋ ಒಂದೂಕಾಲು ಇಂಚೋ, ಇದರ ಮೇಲೆ ನಮ್ಮಲ್ಲಿ ಗೆಳೆತನಗಳು ಮುರಿದಿವೆ. ಒಬ್ಬ ಅಧ್ಯಕ್ಷರು ಸ್ವತಃ ಅಳತೆಯ ಪಟ್ಟಿ ಹಿಡಿದು ಅಂಗಡಿಗೆ ಬಂದಿದ್ದರು. ತಮ್ಮ ಹೆಸರನ್ನಲ್ಲ, ಉಪಾಧ್ಯಕ್ಷರ ಹೆಸರನ್ನು ಅಳೆಯಲು.

ಗುರುಸಿದ್ದಪ್ಪ ನನ್ನ ಸಾಲಿಯ ಗೆಳೆಯ. ಹುನಗುಂದದಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂತು ಕಲಿತವರು. ನನ್ನ ಅಕ್ಷರ ಮುತ್ತಿನಂತಿತ್ತು, ತಲೆ ಖಾಲಿಯಿತ್ತು. ಅವನದು ಇದರ ಉಲ್ಟಾ. ಅವನ ಪಾಟಿಯ ಮೇಲಿನ ಬರಹ ನೋಡಿ ಮಾಸ್ತರರು, ಇದನ್ನು ಬರೆದವನನ್ನೇ ಕರೆದು ಓದಿಸಬೇಕು, ಅವನಿಗೂ ಬರದಿದ್ದರೆ ದೇವರಿಗೆ ಬಿಡಬೇಕು ಎನ್ನುತ್ತಿದ್ದರು. ಗೋಲಿ ಆಟದಲ್ಲಿ ಜಗಳ ಬಂದರೆ ಎಲ್ಲರೂ ಅವನ ಹತ್ತಿರವೇ ಹೋಗುತ್ತಿದ್ದೆವು. ಅವನು ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ. ಇಬ್ಬರೂ ತಾವೇ ಗೆದ್ದೆವೆಂದು ಖುಷಿಯಿಂದ ಮನೆಗೆ ಹೋಗುತ್ತಿದ್ದರು. ಗೋಲಿಗಳು ಯಾರ ಕಿಸೆಯಲ್ಲಿ ಉಳಿಯುತ್ತಿದ್ದವು ಎಂದು ನಾನು ಈಗ ಹೇಳುವುದಿಲ್ಲ. ಮುಂದೆ ಅವನು ದೊಡ್ಡ ಹುದ್ದೆಗೇರಿದವನು.

ಅವನು ಓದಿ ವಕೀಲನಾದ. ಒಂದು ಸಲ ಚುನಾವಣೆ ಬಂದಾಗ ಇಬ್ಬರು ದೊಡ್ಡವರು ಟಿಕೆಟಿಗಾಗಿ ಬಡಿದಾಡಿದರು. ಇಬ್ಬರಿಗೂ ಬೇಡ ಎಂದು ಮೇಲಿನವರು ನಡುವೆ ಸುಮ್ಮನೆ ನಿಂತಿದ್ದ ಗುರುಸಿದ್ದಪ್ಪನಿಗೆ ಕೊಟ್ಟರು. ಅವನು ಗೆದ್ದ. ಅವನಿಗೇ ಗಾಬರಿಯಾಯಿತು. ಆದರೆ ಒಂದು ವಾರದಲ್ಲಿ ಕಲಿತುಬಿಟ್ಟ. ಎರಡು ಸಂಗತಿ ಕಲಿತರೆ ಸಾಕಿತ್ತು. ಒಂದು, ಯಾರು ಏನು ಕೇಳಿದರೂ “ಆತ್ರಿ, ಮಾಡೂಣು” ಅನ್ನುವುದು. ಎರಡು, ನಾಲ್ಕು ಜನ ಕಂಡಲ್ಲಿ ಗಾಡಿ ನಿಲ್ಲಿಸಿ ಕೈ ಮುಗಿಯುವುದು. ಮೂರು ಜನರಿದ್ದರೆ ನಡೆಯುತ್ತಿತ್ತು, ಗಾಡಿ ನಿಧಾನ ಮಾಡಿದರಾಯಿತು. ನಾಲ್ಕಾದರೆ ಇಳಿಯಲೇಬೇಕು. ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದರೆ, ಒಮ್ಮೆ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಂದು ಗುಂಪಿಗೆ ಐದು ನಿಮಿಷ ಕೈ ಮುಗಿದ ಮೇಲೆ, ಅವರ್‍ಯಾರೂ ತನ್ನ ಕ್ಷೇತ್ರದ ಮತದಾರರಲ್ಲವೆಂದು ಡ್ರೈವರ್ ನೆನಪು ಮಾಡಿದ. ಮುಗಿದ ಕೈ ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಲ್ಲ, ಹಾಗೇ ಬಂದು ಗಾಡಿಯಲ್ಲಿ ಕೂತ.

ಅವನ ಕಾಲದಲ್ಲಿ ನನ್ನ ಸಾಹಿತ್ಯಕ್ಕೆ ಸುಗ್ಗಿ. ಆದರೆ ಒಂದು ತೊಂದರೆಯಿತ್ತು. ಯಾವ ಊರಿನಲ್ಲಿ ಯಾವಾಗ ಪೂಜೆಯಾಗುತ್ತದೆ ಎಂಬುದು ಹಿಂದಿನ ದಿನದವರೆಗೆ ಅವನಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೆ ನಾನೇ ಒಂದು ಉಪಾಯ ಹುಡುಕಿದೆ. ಐದಾರು ಕಲ್ಲುಗಳನ್ನು ಮುಂಚೆಯೇ ತಯಾರು ಮಾಡಿಡುವುದು. ಅವನ ಹೆಸರು, ಬಿರುದು, ‘ಅಮೃತ ಹಸ್ತದಿಂದ’ ಎಲ್ಲ ಕೆತ್ತಿಯಾಗಿರಬೇಕು. ಊರು, ಕಾಮಗಾರಿ, ತಾರೀಖು ಇವಿಷ್ಟರ ಜಾಗ ಮಾತ್ರ ಖಾಲಿ. ಕಲ್ಲನ್ನು ಜೀಪಿನ ಹಿಂದೆ ಹಾಕಿಕೊಂಡು ಹೊರಡುವುದು, ನಾನು ಬಣ್ಣದ ಡಬ್ಬಿ ಕುಂಚ ಹಿಡಿದು ಜೊತೆಗೆ ಹೋಗುವುದು, ಸ್ಥಳದಲ್ಲೇ ಖಾಲಿ ಜಾಗ ತುಂಬುವುದು. ಬಣ್ಣ ಮಾಸುವ ಮುಂಚೆ ಯಾರಾದರೂ ಹೋಗಿ ಅದನ್ನೂ ಕೆತ್ತಿ ಬರುವುದು. ಹೀಗೆ ನಮ್ಮ ಭಾಗದಲ್ಲಿ ಅಭಿವೃದ್ಧಿ ಎಂಬುದು ಖಾಲಿ ಜಾಗದೊಂದಿಗೇ ಹೊರಡುತ್ತಿತ್ತು.

ಕಲ್ಲಿಗೆ ಮುಸುಕು ಹಾಕಲು ಗುಳೇದಗುಡ್ಡದ ಖಣ ಬಳಸುತ್ತಿದ್ದೆವು. ಪರದೆ ಸರಿಸಿದ ಮೇಲೆ ಆ ಖಣವನ್ನು ಅಲ್ಲಿದ್ದ ಯಾವುದಾದರೂ ಹೆಣ್ಣುಮಗಳಿಗೆ ಕುಪ್ಪಸಕ್ಕೆಂದು ಕೊಡುವುದು ಗುರುಸಿದ್ದಪ್ಪನ ಪದ್ಧತಿ. ಅವನು ಶಾಸಕನಾಗಿದ್ದಾಗ ಎಷ್ಟು ರಸ್ತೆಗಳಾದವೋ ನನಗೆ ಗೊತ್ತಿಲ್ಲ, ಕುಪ್ಪಸಗಳಂತೂ ಖರೆ ಆದವು.

ಒಂದು ದಿನ ಇಳಕಲ್ಲಿನ ಅಂಚಿನಲ್ಲಿರುವ ಹಳೇ ಬಾವಿ ಓಣಿಗೆ ಸಿಮೆಂಟು ರಸ್ತೆಯ ಭೂಮಿಪೂಜೆ ಇತ್ತು. ಜೀಪಿನ ಹಿಂದೆ ಕಲ್ಲು, ಕಲ್ಲಿನ ಪಕ್ಕ ನಾನು. ಆ ಓಣಿ ಇನ್ನೂ ಅರ್ಧ ಮೈಲು ಇರುವಾಗಲೇ ರಸ್ತೆಯ ಬದಿಯ ಬಯಲಿನೊಳಗಿಂದ ಒಂದು ಕಾಲುದಾರಿಯಲ್ಲಿ ಹೆಂಗಸರು ಸಾಲಾಗಿ ಕೊಡ ಹೊತ್ತು ಬಂದರು. ಆರೇಳು ಜನ. ಗುರುಸಿದ್ದಪ್ಪನಿಗೆ ನಾಲ್ಕೇ ಸಾಕಿತ್ತು. ಗಾಡಿ ನಿಂತಿತು, ಅವನು ಇಳಿದ, ಕೈ ಮುಗಿದ. ಹೆಂಗಸರು ಕೊಡ ಹೊತ್ತೇ ನಿಂತು ಅಹವಾಲು ಹೇಳಿದರು. ಒಳಗೆ ಏಳು ಮನೆಗಳಿವೆ, ಹೋಗಿ ಬರಲು ಇದೊಂದೇ ದಾರಿ, ಮಳೆ ಬಂದರೆ ಮೊಣಕಾಲುದ್ದ ಕೆಸರು ಎಂದರು. ಅವನು “ಆತ್ರಿ, ಮಾಡೂಣು” ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ಜನ ಕೂಡಿದ್ದರು, ತೆಂಗಿನಕಾಯಿ ತಯಾರಿತ್ತು, ಕಲ್ಲು ಗಾಡಿಯಲ್ಲೇ ಇತ್ತು. ಇಲ್ಲೇ ಮಾಡಿಬಿಡೋಣ ಎಂದ. ನಾನು ಏನು ಬರೆಯಲಿ ಎಂದು ಕೇಳಿದೆ. ಸಾರ್ವಜನಿಕ ರಸ್ತೆ ಅಂತ ಬರಿ ಎಂದ. ಬರೆದೆ. ಮುಸುಕಿನ ಖಣವನ್ನು ಸಾಲಿನಲ್ಲಿ ಮೊದಲು ನಿಂತಿದ್ದ ಹೆಣ್ಣುಮಗಳಿಗೆ ಕೊಟ್ಟ. ಅವಳು ನನ್ನ ಅಂಗಡಿಯಲ್ಲೇ ಕೆತ್ತುವ ಕೆಲಸ ಮಾಡುತ್ತಿದ್ದ ರಾಜೇಸಾಬನ ಹೆಂಡತಿ ಮಾಬೂಬಿ. ಮುಂದಿನ ವಾರ ರಾಜೇಸಾಬನೇ ಕೂತು ನನ್ನ ಬಣ್ಣದ ಅಕ್ಷರಗಳನ್ನೂ ತಾರೀಖನ್ನೂ ಆಳವಾಗಿ ಕೆತ್ತಿ ಬಂದ. ಮಂಜೂರಾದ ಸಿಮೆಂಟು ಮಾತ್ರ ಕಾಗದದಲ್ಲಿದ್ದಂತೆ ಹಳೇ ಬಾವಿ ಓಣಿಗೇ ಹೋಯಿತು. ಏಳು ಮನೆಯವರಿಗೆ ಕಲ್ಲು ಉಳಿಯಿತು.

ಮುಂದಿನ ಚುನಾವಣೆಯಲ್ಲಿ ಗುರುಸಿದ್ದಪ್ಪ ಸೋತ. ಸೋಲುವ ಮುನ್ಸೂಚನೆ ನನಗಿರಲಿಲ್ಲವಾದ್ದರಿಂದ ತಯಾರು ಕಲ್ಲೊಂದು ನನ್ನಲ್ಲೇ ಉಳಿಯಿತು. ಶಾಂತವ್ವನ ಕೈಗೆ ಬಿದ್ದದ್ದು ಅದೇ.

ಸೋತವರು ನಮ್ಮಲ್ಲಿ ಮುಂದಿನ ಚುನಾವಣೆಯವರೆಗೆ ಮದುವೆಗಳಿಗೆ ಹೋಗುತ್ತ ಕಾಲ ಕಳೆಯುತ್ತಾರೆ. ಇವನು ಮರುದಿನವೇ ಕರಿಕೋಟು ಹಾಕಿಕೊಂಡು ಬಾಗಲಕೋಟೆಯ ಕೋರ್ಟಿಗೆ ಹೋದ. ಶಾಸಕನಾಗಿದ್ದಾಗ ಕಾನೂನು ಮಾಡುವ ಮನೆಯಲ್ಲಿ ಐದು ವರ್ಷ ಕೂತು ಕಾನೂನು ಮರೆತುಹೋಗಿದೆ, ಈಗ ಮೊದಲಿನಿಂದ ಕಲಿಯಬೇಕು ಎನ್ನುತ್ತಿದ್ದ. ಕಲಿತ. ಧಾರವಾಡಕ್ಕೆ ಹೋದ, ಅಲ್ಲಿ ಹೆಸರು ಮಾಡಿದ. ಒಂದು ದಿನ ಪೇಪರಿನಲ್ಲಿ ಅವನ ಫೋಟೋ ಬಂತು. ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಪೇಪರನ್ನು ಹತ್ತಿರ ದೂರ ಹಿಡಿದು ನೋಡಿದರು. ಕೈ ಮುಗಿಯದೆ ಇರುವ ಅವನ ಫೋಟೋವನ್ನು ನಾವು ಯಾರೂ ಅದಕ್ಕೂ ಮುಂಚೆ ನೋಡಿರಲಿಲ್ಲ.

ನಾನು ಒಂದು ಒಳ್ಳೆಯ ಕೆಂಪು ಕಲ್ಲು ಆರಿಸಿ, ಅವನ ಹೊಸ ಮನೆಯ ಬಾಗಿಲಿಗೆಂದು ಎರಡಿಂಚಿನ ಅಕ್ಷರದಲ್ಲಿ ‘ನ್ಯಾಯಮೂರ್ತಿ’ ಸಮೇತ ಹೆಸರು ಕೆತ್ತಿ ತೆಗೆದುಕೊಂಡು ಹೋದೆ. ಅವನ ಮನೆಯ ಮುಂದೆ ಪೊಲೀಸನೊಬ್ಬ ನನ್ನನ್ನೂ ಕಲ್ಲನ್ನೂ ಸಮಾನವಾಗಿ ತಪಾಸಣೆ ಮಾಡಿದ. ಒಳಗೆ ಗುರುಸಿದ್ದಪ್ಪ ಕಲ್ಲಿನ ಮೇಲೆ ಕೈಯಾಡಿಸಿ ನೋಡಿದ. ನನಗೆ ಗೊತ್ತು, ಅವನಿಗೆ ಬೇಕೆನಿಸಿತ್ತು. ಆದರೆ ತಳ್ಳಿ ನನ್ನ ಕಡೆಗೇ ಸರಿಸಿದ. ಇನ್ನು ಮುಂದೆ ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ ಎಂದ. ಒಂದು ಕಾಲಕ್ಕೆ ಅಕ್ಷರ ಕಾಲಿಂಚು ದೊಡ್ಡದಿರಲಿ ಎಂದು ಫೋನು ಮಾಡಿಸುತ್ತಿದ್ದವನು ಇವನೇ. ಎರಡಿಂಚಿನ ಅಕ್ಷರಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಪಕ್ಕದಲ್ಲಿ ಕೂತಿದ್ದವನು ಅದನ್ನು ಓದಿ, ನಾನೇ ನ್ಯಾಯಮೂರ್ತಿಯೆಂದು ತಿಳಿದು, ಇಳಕಲ್ಲಿನವರೆಗೆ ತನ್ನ ದಾಯಾದಿಗಳ ತಕರಾರು ಹೇಳಿದ. ನಾನೂ ತಲೆ ಆಡಿಸುತ್ತ ಬಂದೆ. ಹುದ್ದೆ ಅಂಥಾ ಕಷ್ಟದ್ದೇನಲ್ಲ ಅನಿಸಿತು.

ಅವನಿಗೆ ಕಷ್ಟವಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಶಾಸಕನಾದವನು ಎಲ್ಲರನ್ನೂ ಬಲ್ಲವನಂತೆ ಇರಬೇಕು, ನ್ಯಾಯಾಧೀಶನಾದವನು ಯಾರನ್ನೂ ಅರಿಯದವನಂತೆ ಇರಬೇಕು. ಸಾವಿರಾರು ಜನರ ಹೆಸರು, ಅವರ ಮಕ್ಕಳ ಹೆಸರು ಬಾಯಿಪಾಠ ಮಾಡಿಕೊಂಡಿದ್ದವನು ಅವನ್ನೆಲ್ಲ ಒಂದೊಂದಾಗಿ ಮರೆಯಬೇಕಾಯಿತು. ಮದುವೆಗೆ ಬರುವುದನ್ನು ಬಿಟ್ಟ. ಊರಿಗೆ ಬಂದರೂ ಕಾರಿನ ಗಾಜು ಏರಿಸಿಕೊಂಡೇ ಹೋಗುತ್ತಿದ್ದ. ಎದುರಿಗೆ ಸಿಕ್ಕರೆ ಕೈ ಎತ್ತುತ್ತಿರಲಿಲ್ಲ, ಗದ್ದವನ್ನು ಒಂದು ಕಾಲಿಂಚು ಇಳಿಸುತ್ತಿದ್ದ. ಜನ ಸೊಕ್ಕು ಬಂದಿದೆ ಎಂದರು. ನಾನೂ ಅಂದೆ. ಗೆಳೆಯನೆಂಬ ಸಲಿಗೆಯಿಂದ ಎಲ್ಲರಿಗಿಂತ ಒಂದು ಮಾತು ಹೆಚ್ಚೇ ಅಂದೆ.

ಇತ್ತ ರಾಜೇಸಾಬ ತೀರಿಕೊಂಡ. ಮಾಬೂಬಿ ನನ್ನ ಅಂಗಡಿಗೆ ಕಲ್ಲು ಉಜ್ಜುವ ಕೆಲಸಕ್ಕೆ ಬರತೊಡಗಿದಳು. ಆಗಲೇ ಆ ಬಯಲನ್ನು ಒಬ್ಬ ಪಾಲಿಶ್ ಕಾರ್ಖಾನೆಯ ಮಾಲೀಕ ಕೊಂಡುಕೊಂಡ. ಕೊಂಡವನು ಸುತ್ತಲೂ ಗೋಡೆ ಎಬ್ಬಿಸಲು ಪಾಯ ತೋಡಿಸಿದ. ಪಾಯ ಕಾಲುದಾರಿಗೆ ಅಡ್ಡ ಬಂತು. ಏಳು ಮನೆಯವರು ಹೊರಗೆ ಬರಬೇಕೆಂದರೆ ಹಿಂದಿನ ಕ್ವಾರಿಯ ತಗ್ಗನ್ನು ಸುತ್ತಿ ಒಂದು ಮೈಲು ನಡೆಯಬೇಕು. ಹೆಣ ಹೊರಬೇಕಾದರೂ ಅಷ್ಟೇ, ಬಾಣಂತಿ ದವಾಖಾನೆಗೆ ಹೋಗಬೇಕಾದರೂ ಅಷ್ಟೇ. ಏಳು ಮನೆಯವರ ಪರವಾಗಿ ಮಾಬೂಬಿಯೇ ಹೆಬ್ಬೆಟ್ಟು ಒತ್ತಿ ದಾವೆ ಹಾಕಿದಳು.

ಏಳು ಮನೆಯವರ ಮಾತು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ, ಹುನಗುಂದದ ಕೋರ್ಟಿನಲ್ಲಿ ಸೋತಳು. ಬಾಗಲಕೋಟೆಗೆ ಅಪೀಲು ಹೋದಳು. ಅಲ್ಲಿ ಅವಳ ವಕೀಲರಿಗೆ ಆ ಅಡಿಗಲ್ಲಿನ ಫೋಟೋ ಹಾಕುವ ಬುದ್ಧಿ ಬಂತು. ಸರಕಾರದ ಶಾಸಕರೇ ಸಾರ್ವಜನಿಕ ರಸ್ತೆಯೆಂದು ಕಲ್ಲು ಹಾಕಿದ್ದಾರೆ, ಇನ್ನೇನು ಬೇಕು ಎಂದು ವಾದಿಸಿದರು. ಗೆದ್ದಳು. ನನ್ನ ಕೃತಿಯೊಂದನ್ನು ಕಡೆಗೂ ಒಬ್ಬರು ಪೂರ್ತಿ ಓದಿದರಲ್ಲ ಎಂದು ನಾನು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳಿದೆ. ಮಾಲೀಕ ಸುಮ್ಮನಿರಲಿಲ್ಲ, ಹೈಕೋರ್ಟಿಗೆ ಹೋದ. ಅದು ಬಂದು ನಿಂತದ್ದು ನ್ಯಾಯಮೂರ್ತಿ ಗುರುಸಿದ್ದಪ್ಪನವರ ಮುಂದೆ.

ಏಳು ಮನೆಗಳಲ್ಲಿ ಹಬ್ಬ. ನಮ್ಮ ಸಾಹೇಬರೇ ಇದ್ದಾರೆ, ಅವರದೇ ಕಲ್ಲು, ಇನ್ನೇನು ಚಿಂತೆ ಎಂದು ಮಾಬೂಬಿ ಶಾಂತವ್ವನಿಗೆ ಶಾವಿಗೆ ಪಾಯಸ ತಂದುಕೊಟ್ಟಳು. ನಾನು ಮಾತ್ರ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಆ ಕಲ್ಲು ಹಳೇ ಬಾವಿ ಓಣಿಯದು ಎಂದು ಬಲ್ಲವರು ಇಬ್ಬರೇ ಉಳಿದಿದ್ದಾರೆಂದು ನನ್ನ ಎಣಿಕೆ. ಡ್ರೈವರ್ ತೀರಿಕೊಂಡಿದ್ದ. ಒಬ್ಬ ನಾನು, ಇನ್ನೊಬ್ಬ ತೀರ್ಪು ಕೊಡುವವನು.

ತಡೆಯಲಾರದೆ ಧಾರವಾಡಕ್ಕೆ ಹೋದೆ. ಗುರುಸಿದ್ದಪ್ಪ ಬಾಗಿಲಲ್ಲೇ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ನಾನು ಇಳಕಲ್ಲಿನಲ್ಲಿ ಒಂದು ದಾರಿ ಇತ್ತಲ್ಲ ಎನ್ನುವಷ್ಟರಲ್ಲಿ ಅವನು ಈ ಸಲ ಜೋಳ ಹೇಗೆ ಎಂದು ಕೇಳಿದ. ನಾನು ಆ ಕಲ್ಲು ಎಂದೆ. ಅವನು ಶಾಂತವ್ವನ ಮೊಣಕಾಲು ನೋವು ಹೇಗಿದೆ ಎಂದ. ಮೂರನೆಯ ಸಲ ಬಾಯಿ ತೆರೆದಾಗ ಎದ್ದು ನಿಂತ.

“ಈರಣ್ಣಾ, ಊಟಾ ಮಾಡ್ಕೊಂಡು ಹೋಗು,” ಎಂದ. “ಆದ್ರ ಆ ಮಾತ ತಗದ್ರ ಊಟಾನೂ ಇಲ್ಲ, ನಾನೂ ಇಲ್ಲ.”

ಐದು ವರ್ಷ ಎಲ್ಲದಕ್ಕೂ “ಮಾಡೂಣು” ಎಂದವನು ಕೇಳಬಂದವನಿಗೆ ಜೀವನದಲ್ಲಿ ಮೊದಲ ಸಲ ಇಲ್ಲ ಎಂದಿದ್ದ. ಅದನ್ನು ಕೇಳಲು ನನ್ನನ್ನೇ ಆರಿಸಿಕೊಂಡಿದ್ದ. ಊಟ ಮಾಡಿ ಬಂದೆ. ಸಿಟ್ಟು ಬಂದಿತ್ತು, ಆದರೆ ರೊಟ್ಟಿ ಬಿಸಿಯಿತ್ತು.

ಮುಂದಿನ ತಾರೀಖಿಗೆ ಅವನು ಆ ಅಪೀಲನ್ನು ತನ್ನ ಮುಂದೆ ಬೇಡವೆಂದು ಬಿಟ್ಟುಕೊಟ್ಟ. ಕಾರಣ ಹೇಳಲೇಬೇಕೆಂದಿಲ್ಲವಂತೆ. ಇವನು ಬರೆಸಿದ್ದ. ಮಾಬೂಬಿಯ ವಕೀಲರು ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ‘ದಾಖಲೆಯಲ್ಲಿರುವ ಕಲ್ಲಿನ ಮೇಲಿನ ಹೆಸರು ನನ್ನದು. ಅದನ್ನು ಹಾಕಿದವನು ನಾನು. ಈ ಪ್ರಕರಣದಲ್ಲಿ ನಾನು ಸಾಕ್ಷಿಯಾಗಬಹುದೇ ಹೊರತು ನ್ಯಾಯಾಧೀಶನಾಗಲಾರೆ.’ ಮೂರೇ ಸಾಲು. ಅಷ್ಟು ಸಣ್ಣ ಬರಹದಲ್ಲಿ ಅಷ್ಟು ದೊಡ್ಡ ಉಪದ್ರವ ನಾನು ಎಂದೂ ಕೆತ್ತಿಲ್ಲ. ಅದನ್ನು ಓದಿದ ಇನ್ನೊಬ್ಬ ನ್ಯಾಯಮೂರ್ತಿಗಳು, ಹಾಗಾದರೆ ಆ ಕಲ್ಲು ಅಲ್ಲಿಗೆ ಹೇಗೆ ಬಂತೆಂದು ಸಾಕ್ಷಿ ಪಡೆದು ಹೊಸದಾಗಿ ತೀರ್ಪು ಕೊಡಿ ಎಂದು ಪ್ರಕರಣವನ್ನು ಹುನಗುಂದಕ್ಕೆ ಹಿಂದಕ್ಕೆ ಕಳಿಸಿದರು. ಹೈಕೋರ್ಟಿನ ನ್ಯಾಯಮೂರ್ತಿಯನ್ನು ಕಟಕಟೆಗೆ ಕರೆಯುವುದಕ್ಕಿಂತ ಅಕ್ಷರ ಕೆತ್ತುವವನನ್ನು ಕರೆಯುವುದು ಸುಲಭ. ನನಗೆ ಸಮನ್ಸು ಬಂತು.

ಏಳು ಮನೆಗಳಲ್ಲಿ ಈಗ ಗುರುಸಿದ್ದಪ್ಪನನ್ನು ಬೈಯದವರಿಲ್ಲ. ಗೆದ್ದದ್ದನ್ನು ಕೈಯಾರೆ ಕೆಡಿಸಿದ ಎಂದರು. ನಾನೂ ಹಾಗೇ ಅಂದುಕೊಂಡೆ. ಸಮನ್ಸು ಬಂದಾಗಿನಿಂದ ಮಾಬೂಬಿಯ ಮುಖ ನೋಡಲಾಗುತ್ತಿರಲಿಲ್ಲ. ಅವಳು ಒಳಗೆ ಕಲ್ಲು ಉಜ್ಜುತ್ತಿದ್ದರೆ ನಾನು ಹೊರಗೆ ಕೂರುತ್ತಿದ್ದೆ, ಅವಳು ಹೊರಗೆ ಬಂದರೆ ನನಗೆ ಒಳಗೆ ಕೆಲಸ ನೆನಪಾಗುತ್ತಿತ್ತು. ಖರೆ ಹೇಳಿದರೆ ಅವಳ ದಾರಿ ಹೋಗುತ್ತದೆ. ಸುಳ್ಳು ಹೇಳಿದರೆ, ಮೂರು ಸಾಲು ಬರೆದ ಗೆಳೆಯನಿಗೆ ಹೇಗೆ ಮುಖ ತೋರಿಸಲಿ? ಸುಳ್ಳು ನನಗೆ ಹೊಸದೇನಲ್ಲ. ‘ಅಮೃತ ಹಸ್ತದಿಂದ’ ಎಂದು ನೂರಾರು ಕಲ್ಲುಗಳ ಮೇಲೆ ಕೆತ್ತಿದವನು. ಆದರೆ ಅವನ್ನು ಕೆತ್ತುವಾಗ ಯಾರೂ ಪ್ರಮಾಣ ಮಾಡಿಸಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಅವಳು ರೊಟ್ಟಿಯ ಗಂಟು ಬಿಚ್ಚಿದಾಗ ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಕಲ್ಲು ಅವರ ದಾರಿಯದಲ್ಲ, ದಾರಿಯಲ್ಲಿ ಇಳಿಸಿದ್ದು ಎಂದೆ. ಅವಳು ತುತ್ತು ಮುರಿಯುವುದನ್ನು ನಿಲ್ಲಿಸಲಿಲ್ಲ.

“ನಂಗೊತ್ತೈತ್ರಿ ಅಣ್ಣಾರ. ನಮ್ಮವ್ರು ಅವತ್ತ ಸಂಜಿಕ ಹೇಳಿದ್ರು,” ಎಂದಳು. “ನೀವು ಖರೆ ಹೇಳ್ರಿ. ಆ ಕಲ್ಲ ನಿನ್ನೆ ಮೊನ್ನೆ ಬಂದದ್ದು. ನಾ ಮದಿವ್ಯಾಗಿ ಬಂದಾಗಿಂದ ಅಲ್ಲೆ ನಡದೀನಿ. ಕಲ್ಲ ನೋಡಿ ನಡದಿಲ್ರಿ ನಾ.”

ಆ ಮಾತಿನಲ್ಲಿ ಏನಿದೆಯೆಂದು ಆಗ ನನಗೆ ಹೊಳೆಯಲಿಲ್ಲ. ಅವಳ ದೊಡ್ಡ ಮನಸ್ಸು ಎಂದುಕೊಂಡು ಕಣ್ಣು ಒರೆಸಿಕೊಂಡೆ. ಅಕ್ಷರ ಬಲ್ಲವರ ತಲೆ ಹೀಗೇ, ಕಲ್ಲಿನ ಮೇಲೆ ಬರೆದದ್ದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹುನಗುಂದದ ಕಟಕಟೆಯಲ್ಲಿ ನಿಂತೆ. ನಮ್ಮ ಸಾಲಿ ಅಲ್ಲಿಂದ ಕೂಗಳತೆಯಲ್ಲಿದೆ. ಎದುರು ವಕೀಲರು ಚುರುಕಾದವರು. ಜೀಪಿನಲ್ಲಿ ನಾನಿದ್ದೆನೇ ಎಂದರು. ಇದ್ದೆ ಎಂದೆ. ಅಕ್ಷರ ನನ್ನದೇ ಎಂದರು. ನನ್ನದೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಈ ಕಲ್ಲು ಹಾಕಬೇಕಾಗಿದ್ದು ಈ ದಾರಿಗೋ ಬೇರೆ ಕಡೆಗೋ ಎಂದರು. ಬೇರೆ ಕಡೆಗೆ, ಹಳೇ ಬಾವಿ ಓಣಿಗೆ ಎಂದೆ. ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಮಾಬೂಬಿ ಹಿಂದಿನ ಬಾಕಿನ ಮೇಲೆ ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ.

ಎದುರು ವಕೀಲರು ಅಲ್ಲಿಗೆ ಕೂತುಬಿಟ್ಟಿದ್ದರೆ ಗೆಲುವು ಅವರದೇ ಇತ್ತು. ಆದರೆ ಅವರಿಗೆ ಖುಷಿಯಾಗಿತ್ತು. ಖುಷಿಯಾದ ವಕೀಲರು ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ.

“ಮತ್ತ ಹಳೇ ಬಾವಿ ಓಣಿಗೆ ಹೊಂಟ ಗಾಡಿ ಅಲ್ಲೆ ಯಾಕ ನಿಂತಿತ್ರಿ? ಅಲ್ಲೇನಿತ್ತು?”

ಕೇಳಿದ್ದಕ್ಕೆ ಹೇಳಬೇಕಲ್ಲ, ಹೇಳಿದೆ. ನಾಲ್ಕು ಜನ ಕಂಡರೆ ನಮ್ಮ ಶಾಸಕರು ಗಾಡಿ ನಿಲ್ಲಿಸುತ್ತಿದ್ದರು, ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಅವತ್ತು ಆ ಕಾಲುದಾರಿಯಿಂದ ಆರೇಳು ಹೆಂಗಸರು ಕೊಡ ಹೊತ್ತು ಸಾಲಾಗಿ ಬಂದರು. ಅದಕ್ಕೇ ನಿಂತಿತು. ಕಲ್ಲಿಗೆ ಹೊದಿಸಿದ್ದ ಖಣವನ್ನು ಮೊದಲು ನಿಂತಿದ್ದವಳಿಗೆ ಕೊಟ್ಟರು, ಅವಳು ಅಲ್ಲಿ ಹಿಂದೆ ಕೂತಿದ್ದಾಳೆ ಎಂದೆ.

ನ್ಯಾಯಾಧೀಶರು ತಲೆ ಎತ್ತಿದರು. ವಯಸ್ಸಿನ್ನೂ ಚಿಕ್ಕದು, ಹೆಣ್ಣುಮಗಳು. ಕಲ್ಲು ಹಾಕುವುದಕ್ಕೆ ಮುಂಚೆಯೇ ಅವರು ಆ ದಾರಿಯಿಂದ ಬಂದರೋ ಎಂದು ಕೇಳಿದರು. ಹೌದು, ಅವರು ಬಂದದ್ದಕ್ಕೇ ಕಲ್ಲು ಹಾಕಿದ್ದು, ಬೇರೆ ದಾರಿಯೇ ಇರಲಿಲ್ಲ ಎಂದೆ. ಅವರು ಬಗ್ಗಿ ಬರೆದುಕೊಳ್ಳತೊಡಗಿದರು. ಬಹಳ ಹೊತ್ತು ಬರೆದರು. ಎದುರು ವಕೀಲರು ಫೈಲನ್ನು ಮುಚ್ಚಿ ಮತ್ತೆ ತೆರೆದರು. ಮಾಬೂಬಿ ಹೇಳಿದ್ದು ಏನೆಂದು ನನಗೆ ಹೊಳೆದದ್ದು ಆಗ, ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನಿಂತಾಗ.

ದಾರಿ ಉಳಿಯಿತು. ತೀರ್ಪಿನಲ್ಲಿ ಕಲ್ಲಿಗೆ ಏನೂ ಬೆಲೆ ಕೊಟ್ಟಿರಲಿಲ್ಲ. ಅದು ಅಲ್ಲಿರಬೇಕಾದ ಕಲ್ಲಲ್ಲ, ಆದರೆ ಅದು ಬರುವ ಮುಂಚೆಯೇ ಬಹುಕಾಲದಿಂದ ಜನ ಅಲ್ಲಿ ನಡೆಯುತ್ತಿದ್ದರು, ಅಷ್ಟು ಸಾಕು ಎಂದಿತ್ತು. ಅಂದರೆ ಗೆದ್ದದ್ದು ಗುರುಸಿದ್ದಪ್ಪನ ಹೆಸರಲ್ಲ, ನನ್ನ ಅಕ್ಷರವೂ ಅಲ್ಲ. ದಾರಿಯಷ್ಟು ಅಗಲ ಬಿಟ್ಟು ಮಾಲೀಕ ಗೋಡೆ ಕಟ್ಟಿಕೊಂಡ. ಮತ್ತೆ ಅಪೀಲು ಹೋಗಲಿಲ್ಲ.

ಕಳೆದ ವರ್ಷ ಗುರುಸಿದ್ದಪ್ಪ ನಿವೃತ್ತನಾದ. ಅದಾಗಿ ಹದಿನೈದು ದಿನಕ್ಕೆ, ಹೇಳದೆ ಕೇಳದೆ, ಪೊಲೀಸನಿಲ್ಲದೆ, ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಶಾಂತವ್ವ ಹಿತ್ತಲಲ್ಲಿ ಒಗೆಯುತ್ತಿದ್ದವಳು ಗಾಬರಿಯಾಗಿ ಹಸಿ ಚಾದರವನ್ನು ಕಲ್ಲಿನ ಮೇಲೆ ಹೊದಿಸಿಬಿಟ್ಟಳು. ಹಿತ್ತಲಿಗೆ ಬಂದವನು ಅದನ್ನು ನೋಡಿದ. ಅವನಿಗೆ ಅಡಿಗಲ್ಲಿನ ಗಾತ್ರ ಗುರುತು ಹತ್ತದೆ ಇರುತ್ತದೆಯೇ? ಬಗ್ಗಿ ಅಂಚಿನಡಿ ಬೆರಳು ಹಾಕಿ ಸವರಿದ. ಅಕ್ಷರ ಸಿಕ್ಕವು. ಊರಿನ ಹೆಸರು ತುಂಬಿದ್ದೀಯೋ ಇಲ್ಲವೋ ಎಂದು ಕೇಳಿದ. ಇಲ್ಲ, ಖಾಲಿ ಬಿಟ್ಟಿದ್ದೇನೆ ಎಂದೆ. ಛಲೋ ಮಾಡಿದಿ ಎಂದ. ಶಾಂತವ್ವನಿಗೆ ಒಗೆಯಲು ಹೇಳಿ ಅಲ್ಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದ.

ಚಹಾ ಕುಡಿದಾದ ಮೇಲೆ, ಆ ದಾರಿ ನೋಡಬೇಕು ಎಂದ. ನಡೆದೇ ಹೋದೆವು. ದಾರಿಯುದ್ದಕ್ಕೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಅಷ್ಟು ವರ್ಷಗಳ ರೂಢಿ. ನಾನು, ಆ ಮೂರು ಸಾಲು ಬರೆಯದೆ ಸುಮ್ಮನೆ ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

“ಆ ಕಲ್ಲಿನ ಮ್ಯಾಲ ಬರ್ಸಿದ್ದು ಖರೆ ಇದ್ದಿಲ್ಲಲೇ ಈರಣ್ಣಾ,” ಎಂದ. “ಅದರ ಮ್ಯಾಲ ಅವ್ರ ಗೆದ್ದಿದ್ರ, ನಾ ಇರೂತನಕಾ ನಿದ್ದಿ ಇರ್ತಿದ್ದಿಲ್ಲ. ಸೋತಿದ್ರೂ ಇರ್ತಿದ್ದಿಲ್ಲ. ಭಾಳ ಅಂಜಿದ್ನಿ.”

ಅವನು ಅಂಜಿದ್ದನೆಂದು ನನಗೆ ಅಲ್ಲಿಯವರೆಗೆ ಗೊತ್ತಿರುವುದಿರಲಿ, ಅನುಮಾನವೂ ಬಂದಿರಲಿಲ್ಲ. ಸೊಕ್ಕು ಎಂದು ಊರಿಗಿಂತ ಹೆಚ್ಚಿಗೆ ಅಂದವನು ನಾನು. ನಾಚಿಕೆಯಾಯಿತು. ಜೋಳದ ಬೆಳೆ ಈ ಸಲ ಚೆನ್ನಾಗಿದೆ ಎಂದೆ.

ಎರಡು ಗೋಡೆಗಳ ನಡುವೆ ದಾರಿ ಇತ್ತು. ಅದರ ಬಾಯಿಯಲ್ಲೇ ಅಡಿಗಲ್ಲು, ಸ್ವಲ್ಪ ವಾಲಿತ್ತು. ಗುರುಸಿದ್ದಪ್ಪ ತನ್ನ ಹೆಸರನ್ನು ಓದುವ ಮುಂಚೆಯೇ ಒಳಗಿನಿಂದ ಹೆಂಗಸರು ಬಂದರು. ಈಗ ಕೊಡಗಳಿಲ್ಲ, ಮನೆಗೆ ನಳ ಬಂದಿದೆ. ಸಂತೆಯ ಚೀಲಗಳಿದ್ದವು. ಐದು ಜನ. ಮುಂದೆ ಮಾಬೂಬಿ. ಅವನು ಗೋಡೆಗೆ ಸರಿದು ನಿಂತು ದಾರಿ ಬಿಟ್ಟ. ಅವಳು ಗುರುತು ಹಿಡಿದು ನಿಂತಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಅವನ ಹಿಂದೆ ರಸ್ತೆಯ ಕಡೆ ಇಣುಕಿದಳು.

“ಈ ಸರ್ತೆ ಕಲ್ಲೇನೂ ತಂದಿಲ್ಲಲ್ರಿ, ಸಾಹೇಬ್ರ?”

ಗುರುಸಿದ್ದಪ್ಪ ಬೆನ್ನ ಹಿಂದಿನಿಂದ ಎರಡೂ ಕೈ ತೆಗೆದು, ಬರಿಗೈ ಎಂದು ಚಾಚಿ ತೋರಿಸಿದ. ಹೇಗೂ ಎತ್ತಿದ್ದನಲ್ಲ, ಹಾಗೇ ಜೋಡಿಸಿ ಮುಗಿದ. ಹೆಂಗಸರೆಲ್ಲ ದಾಟಿ ಹೋಗುವವರೆಗೆ ಇಳಿಸಲಿಲ್ಲ.